ಡಿಸೆಂಬರ್ ಮೂವತ್ತೊಂದರವರೆಗಿನ ಕಾನೂನು

ಒಂದು ದೇಶದ ಕಾನೂನನ್ನೆಲ್ಲ ಕೆನಡಾದ ವುಡ್‌ಬ್ರಿಡ್ಜಿನ ಗೋಡೌನಿನಲ್ಲಿ ಕೂತು ಜೋಡಿಸುತ್ತೇವೆ ಎಂದರೆ ಯಾರೂ ನಂಬುವುದಿಲ್ಲ. ಅದೊಂದು ಪುಟ್ಟ ದ್ವೀಪದೇಶ, ಅಲ್ಲಿ ನೆಟ್ಟಗೆ ಒಂದು ಪ್ರೆಸ್ಸೂ ಇಲ್ಲ. ಸಂಸತ್ತು ಏನು ಪಾಸು ಮಾಡಿದರೂ ನಮ್ಮ ಕಂಪೆನಿಯ ಸಂಪುಟದಲ್ಲಿ ಅಚ್ಚಾದ ಮೇಲೆಯೇ ಜಾರಿ. ಅಧ್ಯಾಯಕ್ಕೆ ನಂಬರು ಹಾಕಿ, ರದ್ದಾದ ಕಲಮು ತೆಗೆದು, ಹೊಸದನ್ನು ಸೇರಿಸುವುದು ಉಡುಪಿಯಲ್ಲಿ ಲಾ ಓದಿದ ನನ್ನ ಕೆಲಸ.

ಆ ದೇಶದ ಹೆಸರು ನೋಡಿಯೇ ಈ ಕೆಲಸಕ್ಕೆ ಬಿದ್ದದ್ದು. ನನ್ನ ತಮ್ಮ ಪ್ರತೀಕ್ ಅಲ್ಲಿಯ ಹೋಟೆಲಿನಲ್ಲಿ ಅಡುಗೆಗಿದ್ದ. ಹೊರದೇಶದ ಕೆಲಸಗಾರನ ಪಾಸ್‌ಪೋರ್ಟು ಧಣಿಯ ಹತ್ತಿರವೇ ಇರಬೇಕೆಂದು ಅಲ್ಲಿನ ಕಾನೂನು. ಧಣಿ ಕೊಡಲಿಲ್ಲ, ಅಮ್ಮ ತೀರಿಕೊಂಡಾಗ ಬೊಜ್ಜದ ಕ್ರಿಯೆಗೂ ಅವನಿಗೆ ಊರಿಗೆ ಹೋಗಲಾಗಲಿಲ್ಲ. ೧೯೯೯ರ ಜನವರಿಯಲ್ಲಿ ಸಂಸತ್ತು ಆ ಹಾಳು ಕಲಮನ್ನು ಕಡೆಗೂ ರದ್ದು ಮಾಡಿತು. ಫ್ಯಾಕ್ಸು ಬಂದ ದಿನವೇ ಪ್ರತೀಕನಿಗೆ ಫೋನು ಮಾಡಿ, "ಪುಸ್ತಕ ಬರ್ಲಿ, ನೀನು ಹೊರಟೆ ಅಂತ ತಿಳ್ಕೋ" ಎಂದೆ.

ಹಳೆಯ ಕಲಮನ್ನು ಕಿತ್ತೂ ಬಿಟ್ಟೆ. ನಮ್ಮ ಮುಖ್ಯ ಸಂಪಾದಕರು ಮೈಸೂರಿನ ರಾಮಮೂರ್ತಿ ಸರ್. ಕರಡು ನೋಡಿ ಕರೆದರು.

"ಏನಮ್ಮ ಜ್ಯೋತ್ಸ್ನಾ, ಈ ವಾಲ್ಯೂಮು ಹೋದ ಡಿಸೆಂಬರ್ ಮೂವತ್ತೊಂದರವರೆಗಿಂದು. ಜನವರೀದು ಹೆಂಗೆ ಬಂತು?"

"ಸರ್, ಮುಂದಿನದ್ದು ಬರ್ಲಿಕ್ಕೆ ಎರಡು ವರ್ಷ ಉಂಟು. ಅಲ್ಲಿವರೆಗೆ ಆ ಜನ ಅಲ್ಲೇ ಕೊಳೀಬೇಕಾ?"

"ನಂಗೂ ಹೊಟ್ಟೆ ಉರಿಯತ್ತೆ ಕಣಮ್ಮ. ಆದ್ರೆ ಕಟಾಫ್ ಡೇಟು ಅವರ ಗವರ್ನಮೆಂಟೇ ಹಾಕಿರೋದು. ನಾವಾಗಿ ಒಂದು ಪುಟ ಬದಲಾಯಿಸಿದ್ರೆ ಇಡೀ ಪುಸ್ತಕಾನೇ ಕೋರ್ಟಲ್ಲಿ ಬಿದ್ದೋಗತ್ತೆ. ವಾಪಸ್ ಹಾಕು."

ಸರ್ ಹೇಳಿದ್ದು ಸರಿಯೇ. ಅದಕ್ಕೇ ಮೈಯೆಲ್ಲ ಉರಿಯಿತು. ರಾಜೀನಾಮೆ ಎಸೆಯೋಣವೆಂದರೆ ನನ್ನ ವರ್ಕ್ ಪರ್ಮಿಟ್ಟಿನಲ್ಲೂ ಈ ಕಂಪೆನಿಯದೇ ಹೆಸರು; ಬಿಟ್ಟರೆ ಕೆನಡಾವನ್ನೂ ಬಿಡಬೇಕು. ಹಲ್ಲು ಕಚ್ಚಿಕೊಂಡು ಆ ಕಲಮನ್ನು ನನ್ನ ಕೈಯಾರೆ ಮತ್ತೆ ಟೈಪು ಮಾಡಿದೆ. ಪ್ರತೀಕನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ನಾಳೆ, ನಾಳೆ ಎಂದು ಮೇ ತಿಂಗಳು ಬಂತು.

ಒಂದು ಶನಿವಾರ ಅವನದೇ ಫೋನು. ಹಿಂದೆ ಜನರ ಗೌಜಿಯೋ ಗೌಜಿ.

"ಅಕ್ಕಾ, ಲೈಬ್ರರಿಯಿಂದ ಮಾತಾಡುದು. ಪುಸ್ತಕ ಬಂತು ಮಾರಾಯ್ತಿ! ನನ್ನ ಅಕ್ಕ ಮಾಡಿದ ಬುಕ್ಕು ಅಂತ ನಮ್ಮ ಕಿಚನಿನವರನ್ನೆಲ್ಲ ಕರ್ಕೊಂಡು ಬಂದಿದ್ದೇನೆ. ನಮ್ಮ ಪುಟ ಎಷ್ಟನೇದು, ಹೇಳು."

"ಪ್ರತೀಕ, ಒಂದು ನಿಮಿಷ ಕೇಳು..."

"ನಿಲ್ಲು ನಿಲ್ಲು, ಸಿಕ್ಕಿತು!" ಎಂದ. ಎಲ್ಲರಿಗೂ ಕೇಳಲೆಂದು ದೊಡ್ಡ ದನಿಯಲ್ಲಿ ಓದಲು ಶುರುಮಾಡಿದ.