ಅಣ್ಣ ತುಂಬಿಸಿದ ಗಾಳಿ

ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಮನೆಯವರೆಲ್ಲ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನ್ನ ಹೊಟ್ಟೆಪಾಡೇ ಅದು. ನೀರಿನೊಳಗೆ ಇಳಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರುಗಳನ್ನು ಬಿಚ್ಚಿ, ಒಳಗೆ ಸಣ್ಣ ದೀಪ ಇಳಿಸಿ, ತುಕ್ಕು ಬಿರುಕು ನೋಡಿ, ಒತ್ತಡಕ್ಕೆ ತಡೆಯುತ್ತದೆಯೇ ಎಂದು ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಮುದ್ರೆ ಹಾಕುತ್ತೇನೆ. ನನ್ನ ಮುದ್ರೆಯಿಲ್ಲದ ಸಿಲಿಂಡರನ್ನು ಇಲ್ಲಿ ಯಾವ ದೋಣಿಯವನೂ ಹತ್ತಿಸಿಕೊಳ್ಳುವುದಿಲ್ಲ. ಹಳೆಯ ಉಕ್ಕಿನವು ಬಂದರೆ ನನಗೆ ಖುಷಿ. ನೋಡಿಕೊಳ್ಳುವವರು ಸರಿಯಿದ್ದರೆ ಅವು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ನಡೆದುಬರುತ್ತವೆ. ನೋಡಿಕೊಳ್ಳದಿದ್ದರೆ ಅವುಗಳಷ್ಟು ಅಪಾಯದ ವಸ್ತು ಇನ್ನೊಂದಿಲ್ಲ.

ನನ್ನ ಅಣ್ಣ ದೋಣಿಗಳ ತಳ ಉಜ್ಜುವ ಮುಳುಗುಗಾರನಾಗಿದ್ದ. ಅವನು ಹೋದದ್ದು ನೀರಿನಲ್ಲಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲೇ ಇಲ್ಲ. ಅತ್ತಿಗೆಯೂ ಅದೇ ಕೆಲಸದವರು, ಇಬ್ಬರೂ ಜೋಡಿಯಾಗಿಯೇ ಇಳಿಯುತ್ತಿದ್ದರು. ಅವನು ಹೋದ ಮೇಲೆ ಅತ್ತಿಗೆ ನೀರಿಗೆ ಕಾಲಿಡಲಿಲ್ಲ. ಎರಡು ವರ್ಷ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳು ಕೆದಕಿ ಬಿಟ್ಟಿದ್ದನ್ನು ಮಡಚಿಡುತ್ತಾ ಕಳೆದರು. 

ಹಾಗಾಗಿ ಒಂದು ಬೆಳಿಗ್ಗೆ ಅವರು ಕೈಗಾಡಿ ತಳ್ಳಿಕೊಂಡು ನನ್ನ ವರ್ಕ್‌ಶಾಪಿಗೆ ಬಂದಾಗ ನನಗೆ ಆಶ್ಚರ್ಯ. ಗಾಡಿಯಲ್ಲಿ ಹೊದಿಕೆ ಸುತ್ತಿದ ಸಿಲಿಂಡರ್ ಮಲಗಿತ್ತು.

“ನಾಳೆಯಿಂದ ಕೆಲಸಕ್ಕೆ ಇಳೀತೀನಿ ಕಣೇ,” ಎಂದರು. “ದೋಣಿ ಯಜಮಾನರು ಕರೆದಿದಾರೆ. ಇದಕ್ಕೊಂದು ಮುದ್ರೆ ಹಾಕ್ಕೊಡು.”

ಹೊದಿಕೆ ಸರಿಸಿದೆ. ಅಣ್ಣನ ಉಕ್ಕಿನ ಸಿಲಿಂಡರ್. ವಾಲ್ವಿನ ಬಾಯಿಗೆ ಅವನು ಸುತ್ತಿದ್ದ ಹಳದಿ ಟೇಪು ಇನ್ನೂ ಹಾಗೇ ಇತ್ತು. ತುಂಬಿದ್ದಕ್ಕೆ ಮಾತ್ರ ಅವನು ಟೇಪು ಸುತ್ತುತ್ತಿದ್ದದ್ದು.

“ಅತ್ತಿಗೆ, ಇದು ತುಂಬಿದೆ!”

“ಹೂಂ. ಅವರೇ ತುಂಬಿಸಿಟ್ಟಿದ್ದು. ಮಾರನೇ ದಿನ ಕೆಲಸ ಇತ್ತಲ್ಲ.” ಅತ್ತಿಗೆ ನನ್ನ ಮುಖ ನೋಡದೆ ಟೇಪಿನ ತುದಿಯನ್ನು ಒತ್ತಿ ಅಂಟಿಸಿದರು. “ಬಿಚ್ಚಬೇಡ ನೀನು. ಮೇಲ್ಮೇಲೇ ನೋಡಿ ಹಾಕ್ಕೊಡು. ಮೊದಲನೇ ಸಲ ಇಳಿಯೋವಾಗ ನಂಗೆ ಅವರ ಗಾಳಿನೇ ಬೇಕು. ಆಮೇಲೆ ಯಾವ ಗಾಳಿ ಆದ್ರೂ ಆಗತ್ತೆ.”

ನನಗೆ ಮೂಗಿನ ತುದಿಯಲ್ಲೇ ಕೋಪ. “ಮುದ್ರೆ ಅಂದ್ರೆ ಲಕೋಟೆಗೆ ಅಂಟಿಸೋ ಸ್ಟಾಂಪು ಅಂದ್ಕೊಂಡ್ರಾ? ಒಳಗೆ ನೋಡ್ಬೇಕು. ನೋಡ್ಬೇಕಾದ್ರೆ ಬಿಚ್ಚಬೇಕು, ಬಿಚ್ಚಬೇಕಾದ್ರೆ ಮೊದಲು ಖಾಲಿ ಮಾಡ್ಬೇಕು. ನೀವು ಹೊಸಬರಾ?”

“ನಿಮ್ಮಣ್ಣಂದು ಕಣೇ.”

“ಅಣ್ಣಂದು ಅಂತಲೇ ನಂಗೆ ಭಯ.”

ಸುಳ್ಳಲ್ಲ. ಅಣ್ಣನಿಗೆ ಯಾವುದನ್ನೂ ಪೂರ್ತಿ ಮುಗಿಸುವ ಅಭ್ಯಾಸವೇ ಇರಲಿಲ್ಲ. ಲೋಟದ ತಳದಲ್ಲಿ ಒಂದು ಗುಟುಕು ಟೀ, ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಬಿಟ್ಟೇ ಏಳುತ್ತಿದ್ದ. ಅತ್ತಿಗೆ ಅದಕ್ಕೆ ದಿನಾ ಬೈಯುತ್ತಿದ್ದರು. ಸಿಲಿಂಡರಿನಲ್ಲೂ ಒಂದಿಷ್ಟು ಗಾಳಿ ಬಿಟ್ಟೇ ಮೇಲೆ ಬರುತ್ತಿದ್ದ. ಅದು ಮಾತ್ರ ಒಳ್ಳೆಯ ಬುದ್ಧಿ, ಒಳಗೆ ಒತ್ತಡ ಉಳಿದಿದ್ದರೆ ಉಪ್ಪುನೀರು ನುಗ್ಗುವುದಿಲ್ಲ. ಆದರೆ ಹೊರಗಡೆ ತಳಕ್ಕೆ ಹಾಕಿದ ರಬ್ಬರಿನ ಬಟ್ಟಲನ್ನು ಆಗಾಗ ಕಳಚಿ ತೊಳೆಯೋ ಎಂದು ನಾನು ಎಷ್ಟು ಬಡಕೊಂಡರೂ ಗೋಡೆಗೆ ಹೇಳಿದ ಹಾಗೆ.

ಈಗ ನಾನೇ ಆ ಬಟ್ಟಲನ್ನು ಮೆಲ್ಲಗೆ ಕಳಚಿದೆ. ತುಕ್ಕು ಪದರ ಪದರವಾಗಿ ತಾನೇ ಉದುರಿತು. ಅದರಡಿ ನನ್ನ ಕಿರುಬೆರಳ ತುದಿ ಹಿಡಿಸುವಷ್ಟು ಗುಂಡಿ ಇತ್ತು.

“ಎಲ್ಲಿಟ್ಟಿದ್ರಿ ಇದನ್ನ, ಇಷ್ಟು ದಿನ?”

“ಮಂಚದ ಪಕ್ಕ.”

ಅಷ್ಟು ಒತ್ತಡ ತುಂಬಿದ, ಬುಡ ತಿಂದುಹೋದ ಉಕ್ಕಿನ ಪಕ್ಕ ಈ ಹೆಂಗಸು ದಿನಾ ಮಲಗಿದ್ದಾರೆ. “ಇದಕ್ಕೆ ಮುದ್ರೆ ಇಲ್ಲ. ಇವತ್ತೂ ಇಲ್ಲ, ಯಾವತ್ತೂ ಇಲ್ಲ. ಈಗಲೇ ಗಾಳಿ ಇಳಿಸ್ಬೇಕು,” ಎಂದೆ.

ಅತ್ತಿಗೆ ಹೊದಿಕೆಯನ್ನು ಎಳೆದು ಸಿಲಿಂಡರಿಗೆ ಮತ್ತೆ ಮುಚ್ಚಿದರು. “ಹಾಗಾದ್ರೆ ನಾನೂ ಇಳಿಯಲ್ಲ. ಯಜಮಾನರಿಗೆ ನೀನೇ ಹೇಳ್ಬಿಡು.”

“ಹಟ ಮಾಡೋಕೆ ನೀವೇನು ಮಗುವಾ?” ಎಂದು ನಾನು ಕೂಗಿಯೇಬಿಟ್ಟೆ.

ಅವರು ಕೂಗಲಿಲ್ಲ. “ಕೆಳಗೆ ಹೋಗಿ ಪಕ್ಕಕ್ಕೆ ತಿರುಗಿದ್ರೆ ಯಾವಾಗ್ಲೂ ಅವರಿರ್ತಿದ್ರು,” ಎಂದರು. “ಈಗ ಪಕ್ಕಕ್ಕೆ ತಿರುಗೋಕೇ ಭಯ ಕಣೇ. ಬೆನ್ನಿಗಾದ್ರೂ ಇರ್ಲಿ ಅಂತ.”

ಅಣ್ಣನಿಗಾಗಿ ನಾನು ಅತ್ತದ್ದು ಸಾಲದೇ ಹೋಗಿತ್ತು ಎಂದು ಆಗ ಗೊತ್ತಾಯಿತು. ಮೂಗೊರೆಸಿಕೊಂಡು ವರ್ಕ್‌ಶಾಪಿನ ತುಂಬ ಎರಡು ಸುತ್ತು ಹಾಕಿದೆ. ಗೋಡೆಗೆ ತೂಗುಹಾಕಿದ್ದ ಕೊಳವೆ ಕಣ್ಣಿಗೆ ಬಿತ್ತು.

“ಅತ್ತಿಗೆ, ನಿಮಗೆ ಬೇಕಾಗಿರೋದು ಗಾಳಿನೋ, ಸಿಲಿಂಡರೋ?”

“ಏನು ಹಾಗಂದ್ರೆ?”

“ಗಾಳಿ ಬೇಕು ಅಂದ್ರೆ ಇನ್ನೊಂದಕ್ಕೆ ದಾಟಿಸ್ಬಹುದು. ಪೂರ್ತಿ ಬರಲ್ಲ. ಎರಡೂ ಕಡೆ ಒತ್ತಡ ಸಮ ಆದ ಕೂಡ್ಲೇ ನಿಂತುಹೋಗತ್ತೆ.”

ಅತ್ತಿಗೆ ತಾವೇ ಹೊದಿಕೆ ಸರಿಸಿದರು. “ಗಾಳಿ” ಎಂದರು.

“ಆದ್ರೆ ಗಾಳಿ ಕೆಟ್ಟಿರಬಾರದು. ಒಳಗೆ ತೇವ ಇದ್ರೆ ತುಕ್ಕು ಗಾಳಿಲಿರೋ ಆಮ್ಲಜನಕನೇ ತಿಂದುಬಿಟ್ಟಿರತ್ತೆ. ಆಗ ದೇವರು ಬಂದು ಹೇಳಿದ್ರೂ ನಾನು ಕೊಡಲ್ಲ.”

ಹಳದಿ ಟೇಪನ್ನು ಅತ್ತಿಗೆಯೇ ಬಿಚ್ಚಿದರು. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ಆಮ್ಲಜನಕ ಅಳೆಯುವ ಮೀಟರ್ ಹಿಡಿದೆ. ಅಂಕಿ ಏರಿ, ಏರಿ, ನಾವೀಗ ಉಸಿರಾಡುತ್ತಿರುವ ಗಾಳಿಯಲ್ಲಿ ಎಷ್ಟಿರುತ್ತದೋ ಅಷ್ಟಕ್ಕೇ ಬಂದು ನಿಂತಿತು. ಹೊಗೆ, ಎಣ್ಣೆ ಯಾವುದರ ಸುಳಿವೂ ಇರಲಿಲ್ಲ. ಪ್ರತಿ ಸಲ ಅಣ್ಣ ಮುಗಿಸದೇ ಬಿಟ್ಟ ಗಾಳಿಯ ಕೊನೆಯ ಗುಟುಕುಗಳು ಒಳಗನ್ನು ಒಣಗಿಯೇ ಇರುವಂತೆ ಕಾಪಾಡಿದ್ದವು.

“ಒಳಗೆ ಚೊಕ್ಕ, ಬುಡ ಕೊಳಕು. ಅಣ್ಣ ಅಂದ್ರೆ ಅಣ್ಣನೇ,” ಎಂದೆ. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಪರೀಕ್ಷೆ ಮುಗಿಸಿ ಖಾಲಿ ನಿಲ್ಲಿಸಿದ್ದ ಸಿಲಿಂಡರುಗಳ ಸಾಲನ್ನು ತೋರಿಸಿ, ಆರಿಸಿಕೊಳ್ಳಿ ಎಂದೆ. ಅವರು ಬಣ್ಣ ಹೊಳೆಯುವುದನ್ನು ಮುಟ್ಟಲೂ ಇಲ್ಲ. ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು, ಸಿಲಿಂಡರಿನ ಹೆಗಲ ಮೇಲೆ ಕೆತ್ತಿದ ಪರೀಕ್ಷೆಯ ತಾರೀಖುಗಳನ್ನು ಓದಿದರು, ಬಗ್ಗಿ ಬುಡ ಸವರಿದರು. ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ಹಳೆಯದನ್ನು, ಅಣ್ಣನದಕ್ಕಿಂತಲೂ ಹಿರಿಯದನ್ನು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಎತ್ತುತ್ತಿದ್ದೆ.

ಕೊಳವೆ ಜೋಡಿಸಿ ಎರಡೂ ವಾಲ್ವುಗಳನ್ನು ನಿಧಾನವಾಗಿ ತೆರೆದೆ. ಗಾಳಿ ಸುಂಯ್ ಎಂದು ದಾಟತೊಡಗಿತು. ಅತ್ತಿಗೆ ಹೊಸತಾಗಿ ತುಂಬುತ್ತಿದ್ದ ಸಿಲಿಂಡರಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು.

“ಬೆಚ್ಚಗಾಗ್ತಿದೆ ಕಣೇ,” ಎಂದರು ಮೆಲ್ಲಗೆ.

ಗಾಳಿಯನ್ನು ಒತ್ತಿ ತುಂಬಿದರೆ ಯಾವ ಸಿಲಿಂಡರಾದರೂ ಬೆಚ್ಚಗಾಗುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. “ಹೂಂ” ಎಂದೆ, ಅಷ್ಟೇ.

ಅಣ್ಣನ ಸಿಲಿಂಡರಿನಲ್ಲಿ ಉಳಿದದ್ದನ್ನು ಅತ್ತಿಗೆ ಅಂಗಳಕ್ಕೆ ಒಯ್ದು, ತಮ್ಮ ಕೈಯಾರೆ ಹೊರಬಿಟ್ಟರು. ಶಬ್ದ ಪೂರ್ತಿ ನಿಲ್ಲುವವರೆಗೂ ಅಲ್ಲಿಂದ ಏಳಲಿಲ್ಲ.

ಮರುದಿನ ನಾನೂ ದೋಣಿ ಹತ್ತಿದೆ. ಅತ್ತಿಗೆ ಹಿಂದೆಲ್ಲ ಬಳಸುತ್ತಿದ್ದದ್ದು ಹಗುರದ ಅಲ್ಯೂಮಿನಿಯಮ್ಮಿನವು. ಉಕ್ಕು ಖಾಲಿಯಾದರೂ ಭಾರವೇ. ಅಭ್ಯಾಸಬಲದಿಂದ ಅವರು ಸೊಂಟದ ಬೆಲ್ಟಿಗೆ ಹಳೇ ಲೆಕ್ಕದಲ್ಲೇ, ಮುಳುಗಲು ಬೇಕಾದ ಸೀಸದ ತುಂಡುಗಳನ್ನು ಪೋಣಿಸಿದ್ದರು. ಬೈದು ಎರಡನ್ನು ತೆಗೆಸಿದೆ. “ಗಾಳಿ ಇರೋದು ಅರ್ಧ. ಬೇಗ ಬನ್ನಿ,” ಎಂದೆ. “ಆಯ್ತು ಕಣೇ ಅತ್ತೆಮ್ಮ,” ಎಂದು ಅಣಕಿಸಿ ಅವರು ಹಿಮ್ಮುಖವಾಗಿ ನೀರಿಗೆ ಬಿದ್ದರು.

ಗುಳ್ಳೆಗಳು ಏಳತೊಡಗಿದವು. ನೀರಿನ ಮೇಲೆ ಒಡೆಯುವ ಗುಳ್ಳೆಗಳನ್ನು ನಾನು ಸಾವಿರ ಸಲ ನೋಡಿದ್ದೇನೆ. ಅವತ್ತು ಮಾತ್ರ ಬಗ್ಗಿ, ಅವು ಒಡೆಯುವ ಜಾಗಕ್ಕೆ ಮುಖ ಒಡ್ಡಿಕೊಂಡು ಕೂತಿದ್ದೆ. ದೋಣಿಯವನು ಹುಚ್ಚಿ ಎಂದುಕೊಂಡಿರಬೇಕು.

ಅತ್ತಿಗೆ ಮೇಲೆ ಬಂದಾಗ ದೋಣಿಯ ತಳದ ಒಂದು ಪಕ್ಕ ನುಣ್ಣಗಾಗಿತ್ತು, ಅವರ ಕೆನ್ನೆಗಳಲ್ಲಿ ಕೆಂಪು ಬಂದಿತ್ತು. ಒತ್ತಡದ ಮುಳ್ಳು ಸೊನ್ನೆಗೆ ಇಳಿದಿರಲಿಲ್ಲ, ಒಂದಿಷ್ಟು ಮೇಲೇ ನಿಂತಿತ್ತು.

ಇನ್ನೊಂದು ಪಕ್ಕದ ಕೆಲಸಕ್ಕೆ ಸಿಲಿಂಡರ್ ತುಂಬಿಸಬೇಕಿತ್ತು. ವರ್ಕ್‌ಶಾಪಿಗೆ ತಂದು ಕಂಪ್ರೆಸರಿನ ಕೊಳವೆ ಸಿಕ್ಕಿಸಿದವಳಿಗೆ ಗುಂಡಿ ಒತ್ತಲು ಕೈ ಬರಲಿಲ್ಲ.

“ತುಂಬಿಸಿದ್ರೆ ಬೆರೆತುಹೋಗತ್ತೆ, ಅತ್ತಿಗೆ.”

ಅವರು ಒದ್ದೆ ಕೂದಲು ಹಿಂಡಿಕೊಳ್ಳುತ್ತಿದ್ದರು.

“ಬೆರೀಲಿ ಬಿಡು. ಹೆಪ್ಪಿಗೆ ಅಂತ ಬಿಟ್ಟಿದ್ದು ಬೆರೀಲೇಬೇಕಲ್ಲ,” ಎಂದರು. “ಅದರ ಮೇಲೇ ತುಂಬು.”