ಕಂಚಿನ ಪಂಡಿತ ಕೆಟ್ಟುಹೋದ ಬಗೆ

ವಾದವೆಂದರೆ ಊಟ ಬಿಟ್ಟು ಓಡಿಬರುವ ಜನರ ಪಟ್ಟಣವೊಂದಿತ್ತು. ಅಲ್ಲಿ ತರ್ಕದ ಶಾಲೆ ನಡೆಸುತ್ತಿದ್ದವಳು ಅಚಲಾಂಬೆ. ಅವಳ ಜಂಬ ಊರಿಗೇ ಗೊತ್ತಿತ್ತು. ಹೊಟ್ಟೆಗಿಲ್ಲದಿದ್ದರೂ ಬಾಗದ ಜಂಬವಾದ್ದರಿಂದ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವಳ ಶಿಷ್ಯರು ಅರಸನನ್ನೂ 'ಅದು ಹೇಗೆ?' ಎಂದು ಕೇಳಿಬಿಡುತ್ತಿದ್ದರು. ಅರಸನಿಗೆ ಅದೇ ತಲೆನೋವು.

ಅವನು ಕಂಚುಗಾರರನ್ನು ಕರೆಸಿ ಒಬ್ಬ ಪಂಡಿತನನ್ನೇ ಎರಕ ಹೊಯ್ಯಿಸಿದ. ರಾಜ್ಯದ ಓಲೆಗರಿಗಳನ್ನೆಲ್ಲ ಅವನ ಕಿವಿಗೆ ಓದಿ ಹಾಕಿದರು. ಕಂಚಿನ ಪಂಡಿತ ಎದ್ದು ನಡೆದುಬಂದು ಬಾಯಿ ತೆರೆದ. ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧ.

"ಇನ್ನು ನಿನ್ನ ಶಾಲೆ ಯಾಕಮ್ಮ?" ಎಂದ ಅರಸ.

"ವಾದದಲ್ಲಿ ತೀರ್ಮಾನವಾಗಲಿ, ಪ್ರಭು," ಎಂದಳು ಅಚಲಾಂಬೆ.

ವಾದಕ್ಕೆ ಅಲ್ಲಿ ಕಟ್ಟುನಿಟ್ಟಿನ ಕ್ರಮವಿತ್ತು. ಎದುರಾಳಿಯ ಮಾತನ್ನು ಎದುರಾಳಿಯೇ ಒಪ್ಪುವಂತೆ ಮೊದಲು ಹೇಳಬೇಕು, ಅದು ಪೂರ್ವಪಕ್ಷ. ಆಮೇಲೆ ತನ್ನ ಸಿದ್ಧಾಂತ. ಸೋತವರು ಗೆದ್ದವರ ಶಿಷ್ಯರಾಗಬೇಕು, ಸೋತವರ ಶಾಲೆಯೂ ಗೆದ್ದವರಿಗೇ ಸೇರಬೇಕು.

ನ್ಯಾಯ ದೊಡ್ಡದೋ ದಯೆ ದೊಡ್ಡದೋ ಎಂಬುದು ವಿಷಯ. ಅಚಲಾಂಬೆಯದು ನ್ಯಾಯದ ಪಕ್ಷ. ಅದನ್ನು ಪಂಡಿತ ಎಷ್ಟು ಚೆನ್ನಾಗಿ ಹೇಳಿದನೆಂದರೆ, ಇಷ್ಟು ಕಾಲ ತಾನು ಹೇಳುತ್ತ ಬಂದದ್ದು ತನಗೇ ಈಗ ಅರ್ಥವಾಯಿತೆನ್ನಿಸಿ ಅವಳ ಕಣ್ಣು ತುಂಬಿತು.

"ಒಪ್ಪಿದೆ. ಈಗ ನಿಮ್ಮ ಸಿದ್ಧಾಂತ?"

"ಸಭೆಗೆ ಯಾವುದು ಹಿತವೋ ಅದು," ಎಂದ ಪಂಡಿತ.

ಸಭೆ ಹಿಗ್ಗಿ ಹೀರೇಕಾಯಿಯಾಯಿತು. ಇಂಥ ಬುದ್ಧಿವಂತ ವಿದ್ವಾಂಸನನ್ನು ಅವರು ಕಂಡೇ ಇರಲಿಲ್ಲ. ಪಂಡಿತ ಗೆದ್ದನೆಂದು ಸಾರಿ ಅರಸ ಶಾಲೆಗೆ ಬೀಗ ಹಾಕಿಸಿದ.

ಸೋತರೂ ಅವಳು ಕ್ರಮ ತಪ್ಪುವವಳಲ್ಲ. ಮರುದಿನವೇ ತಲೆಯೆತ್ತಿಕೊಂಡು ಅರಮನೆಗೆ ಹೋಗಿ, ಪಂಡಿತನ ಕಾಲ ಬಳಿ ಶಿಷ್ಯೆಯಾಗಿ ಕುಳಿತಳು.

"ಗುರುಗಳೇ, ನೀವು ಹೇಳುವುದು ನಿಜವೆಂದು ಹೇಗೆ ಗೊತ್ತು?"

"ಗ್ರಂಥದಲ್ಲಿದೆ."

"ಇನ್ನೊಂದು ಗ್ರಂಥದಲ್ಲಿ ಇದಕ್ಕೆ ವಿರುದ್ಧ ಇದೆಯಲ್ಲ?"

"ಅದೂ ಚೆನ್ನಾಗಿದೆ."

"ಎರಡರಲ್ಲಿ ಯಾವುದನ್ನು ಹಿಡಿದು ನೀವು ಸೋಲಲೂ ಸಿದ್ಧ?"

"ಅದು ಯಾವ ಗ್ರಂಥದಲ್ಲೂ ಇಲ್ಲ," ಎಂದ ಪಂಡಿತ. ನಾಳೆ ಬರುತ್ತೇನೆಂದು ಅವಳು ಎದ್ದಳು, ದಿನವೂ ಬಂದಳು. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ ಎಂದು ಆಸ್ಥಾನದವರು ನಕ್ಕರು.

ನೆರೆರಾಜ್ಯದ ಮೇಲೆ ದಂಡೆತ್ತುವ ಮುನ್ನ ಅರಸ, ಕೇಳುವ ಶಾಸ್ತ್ರಕ್ಕೆಂದು ಕೇಳಿದ: "ಈ ಯುದ್ಧ ನ್ಯಾಯವೇ, ಪಂಡಿತರೇ?"

"ಗೊತ್ತಿಲ್ಲ, ಪ್ರಭು. ನ್ಯಾಯವೆಂದು ತಮಗೆ ಹೇಗೆ ಗೊತ್ತಾಯಿತು?"

ಸೇನಾಪತಿ ಕೆಮ್ಮಿದ. ಕಂಚುಗಾರರು ಬಂದು ತಟ್ಟಿ ನೋಡಿ, ಒಳಗೇ ಕೆಟ್ಟಿದೆ, ಕರಗಿಸಬೇಕು ಎಂದರು.

ಪಂಡಿತನನ್ನು ಹೇರಿಕೊಂಡು ಕುಲುಮೆಗೆ ಹೊರಟ ಗಾಡಿಯನ್ನು ಅಚಲಾಂಬೆ ತನ್ನ ಹಳೆಯ ಶಾಲೆಯ ಮುಂದೆ ಅಡ್ಡಗಟ್ಟಿದಳು.

"ದಾರಿ ಬಿಡಿ ತಾಯಿ," ಎಂದ ಗಾಡಿಯವನು. "ಇದು ಹಾಳಾಗಿದೆ. ಏನು ಕೇಳಿದರೂ ತಿರುಗಿ ನಮ್ಮನ್ನೇ ಕೇಳುತ್ತದೆ."

ಯಾವ ಶಿಷ್ಯನೂ ಅವಳಿಗೆ ಇಷ್ಟು ಹೆಮ್ಮೆ ತಂದಿರಲಿಲ್ಲ.

"ಈ ಶಾಲೆ ಯಾರದಪ್ಪ?"

"ಗೆದ್ದ ಪಂಡಿತರದು. ಅರಸರೇ ಸಾರಿದ್ದಾರಲ್ಲ."

"ಹಾಗಾದರೆ ಇಳಿಸು. ಗುರುಗಳ ಮನೆ ಬಂತು."

ಗಾಡಿಯವನು ತಲೆ ಕೆರೆದುಕೊಂಡ. ಕರಗಿಸಬೇಕೆಂದದ್ದು ಕಂಚುಗಾರರು, ಶಾಲೆ ಪಂಡಿತರದೆಂದದ್ದು ಅರಸ. ಅರಸನ ಮಾತನ್ನು ಮೀರಲು ಅವನಿಗೆ ಧೈರ್ಯವಿರಲಿಲ್ಲ. ಇಳಿಸಿದ. ಅವಳು ಕಲ್ಲೆತ್ತಿ ಬೀಗ ಒಡೆದಳು. ಒಳಗೆ ಬಂದ ಪಂಡಿತ ಗುರುಪೀಠವನ್ನು ದಾಟಿಹೋಗಿ ಶಿಷ್ಯರ ಚಾಪೆಯ ಮೇಲೆ ಕುಳಿತ.

"ಗುರುಗಳು ನೀವು. ಮೇಲೆ ಕೂರಬೇಕು," ಎಂದಳು ಅಚಲಾಂಬೆ.

"ಅದು ಹೇಗೆ ಗೊತ್ತು?" ಎಂದ ಪಂಡಿತ.

ಅವಳು ಸೆರಗು ಸಿಕ್ಕಿಸಿಕೊಂಡು ಅದೇ ಚಾಪೆಯ ಮೇಲೆ ಅವನೆದುರು ಕುಳಿತಳು.