ಅಂಚು ಹುಡುಕಿದ ಬೆರಳು

ಮೂವತ್ತೆರಡು ವರ್ಷಗಳ ಮೇಲೆ ಆಸ್ಟ್ರೇಲಿಯಾದ ಬ್ಯಾಲರಾಟ್ ಊರಿನಲ್ಲಿ ಹುಡುಗಿಯಾಗಿದ್ದಾಗ ಕಲಿತ ಅದೇ ಜಿಮ್ನಾಸ್ಟಿಕ್ಸ್ ಹಾಲಿಗೆ ಮತ್ತೆ ಕಲಿಯಲು ಹೋದೆ. ಅಮ್ಮ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬೆಂಚಿನ ಮೇಲೆ ಕುಳಿತಳು, ಆಗ ಕೂರುತ್ತಿದ್ದ ಹಾಗೆಯೇ.

"ಮಂಡಿ ಜೋಪಾನ, ಜನೀನ್," ಎಂದಳು ನನ್ನ ಮಗಳ ವಯಸ್ಸಿನ ಕೋಚ್ ಟೇಲಾ.

ಅಂಗೈಯೂರಿ ಗಾಲಿಯ ಹಾಗೆ ಉರುಳಿದೆ. ಕಾಲು ನೆಟ್ಟಗಾಗಲಿಲ್ಲ, ಆದರೂ ಬೀಳದೆ ನಿಂತೆ. ತೀರ್ಪುಗಾರರಿಗೆಂಬಂತೆ ಕೈ ಮೇಲೆತ್ತಿದೆ. ಆಮೇಲೆ ಬೆರಳುಗಳು ತಾವಾಗಿಯೇ ಹಿಂದೆ ಹೋಗಿ, ಆಗ ತೊಡುತ್ತಿದ್ದ ಬಿಗಿ ಉಡುಪಿನ ಅಂಚನ್ನು ಕೆಳಗೆಳೆಯಲು ಹುಡುಕಿದವು. ನಾನು ತೊಟ್ಟದ್ದು ದೊಗಲೆ ಪ್ಯಾಂಟು!

ಟೇಲಾ ನಕ್ಕಳು. ಅಮ್ಮ ನಗಲಿಲ್ಲ. ಅವಳು ಹೊಲಿದ ಉಡುಪು ಬಿಗಿಯೆಂದು ಆಗ ನಾನು ಅತ್ತಾಗಲೆಲ್ಲ, "ಹೊಲಿಗೆ ಸರಿಯಾಗೇ ಇದೆ, ನೀನು ಬಿಸ್ಕೆಟ್ ಮುಕ್ಕೋದು ಕಮ್ಮಿ ಮಾಡು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈಗ ಚಹಾ ಬಗ್ಗಿಸಿ ಕೊಟ್ಟು, ಮೆಲ್ಲಗೆ ಹೇಳಿದಳು: "ಬಿಗೀನೇ ಇತ್ತು ಕಣೇ. ಬಟ್ಟೆ ಸಾಕಾಗಿರ್ಲಿಲ್ಲ."